ನೂರಕ್ಕೆ ನೂರು: ಕೊಗ್ಗನ ಸಹಿ

“ಮುಟ್ಟಬೇಡ ಮಾರಾಯ್ತಿ. ಮೊದಲು ಓದು,” ಎಂದರು ರೋಸಲಿಂಡ್ ಬಾಯಿ.

ವಿನೋದಾ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಒಮಾನಿನ ಬರ್ಕಾದ ಕೋರಲ್ ಇಂಡಿಯನ್ ಸ್ಕೂಲಿನ ಆಫೀಸಿನಲ್ಲಿ, ಕ್ಲಾರ್ಕ್ ಶಬ್ನಂಳ ಮೇಜಿನ ಮೇಲೆ ಆ ಕಾಗದ ಬಿದ್ದಿತ್ತು. ಅರ್ಧ ಪುಟವೂ ಇಲ್ಲ. ‘ಹತ್ತನೆಯ ತರಗತಿಯ ನಿಶ್ಮಿತಾಳ ತಂದೆಯಾದ ನಾನು, ಈ ವರ್ಷದ ಬೋರ್ಡ್ ಪರೀಕ್ಷೆಯ ಪಟ್ಟಿಯಿಂದ ಮಗಳ ಹೆಸರು ತೆಗೆದು ಟಿ.ಸಿ. ಕೊಡಬೇಕೆಂದು ಸ್ವಂತ ಇಚ್ಛೆಯಿಂದ ಕೋರುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಟೈಪಾಗಿತ್ತು. ಕೆಳಗೆ ನೀಲಿ ಪೆನ್ನಿನ ಹೆಸರು, ಸಹಿ. ಪಕ್ಕದಲ್ಲಿ ಶಾಲೆಯ ಠಸ್ಸೆ.

ನಿಶ್ಮಿತಾ ವಿನೋದಾಳ ಒಬ್ಬಳೇ ಮಗಳು. ನಿನ್ನೆ ಸಂಜೆ ನೋಟಿಸ್ ಬೋರ್ಡಿನ ಪಟ್ಟಿಯಿಂದ ಅವಳ ಹೆಸರು ಮಾಯವಾಗಿತ್ತು. ಇವತ್ತು ಗುರುವಾರ, ವಾರದ ಕೊನೆಯ ಕೆಲಸದ ದಿನ. ಮಧ್ಯಾಹ್ನ ಎರಡು ಗಂಟೆಗೆ ಪಟ್ಟಿ ಪರೀಕ್ಷಾ ಬೋರ್ಡಿಗೆ ಹೋಗುತ್ತದೆ. ಹೋದ ಮೇಲೆ ಖಲಾಸ್, ಹುಡುಗಿಯ ಒಂದು ವರ್ಷ ಮಣ್ಣುಪಾಲು.

“ಮೈ ಚಾಯ್ ಪೀನೆ ಜಾ ರಹೀ ಹೂಂ,” ಎಂದಳು ಶಬ್ನಂ, ಫೈಲನ್ನು ತೆರೆದೇ ಇಟ್ಟು. “ಮೈನೆ ಕುಛ್ ನಹೀ ದಿಖಾಯಾ.” ಹೈದರಾಬಾದಿನ ಆ ಹೆಂಗಸಿಗೂ ಎರಡು ಹೆಣ್ಣುಮಕ್ಕಳಿದ್ದರು. ತಾನು ಏನೂ ತೋರಿಸಿಲ್ಲವೆಂಬಂತೆ ಬಾಗಿಲು ಎಳೆದುಕೊಂಡು ಚಹಾಕ್ಕೆ ಹೋದಳು.

ಈ ಶಾಲೆಯ ವಿಚಾರವನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಸರ್ಕಾರದ್ದು ಒಂದು ಬೈಸಾ ಬರುವುದಿಲ್ಲ; ನಾನ್ನೂರು ಚಿಲ್ಲರೆ ಮಕ್ಕಳ ಫೀಸೇ ಟೀಚರುಗಳ ಸಂಬಳ, ಅದೇ ಎಸಿ, ಅದೇ ಬಸ್ಸಿನ ಡೀಸೆಲ್. ಅದನ್ನು ಯಾವುದಕ್ಕೆ ಹಾಕಬೇಕೆಂದು ಹೇಳುವುದು ಏಳು ಜನರ ಕಮಿಟಿ. ಏಳರಲ್ಲಿ ಐವರನ್ನು ಪೋಷಕರು ಆರಿಸಬೇಕೆಂದು ನಿಯಮ. ಆದರೆ ಆರು ವರ್ಷದಿಂದ ಎದುರು ನಿಂತವರೇ ಇಲ್ಲ, ಹೀಗಾಗಿ ಅವರೇ ಅಧ್ಯಕ್ಷರು, ಅವರೇ ಸದಸ್ಯರು, ಅವರೇ ಚಪ್ಪಾಳೆ ತಟ್ಟುವವರು.

ಗೇಟಿನ ಮೇಲೆ ‘ಸತತ ಮೂರು ವರ್ಷ ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರು. ಬ್ಯಾನರು ನೋಡಿ ಮಕ್ಕಳು ಬರುತ್ತಾರೆ, ಮಕ್ಕಳ ಹಿಂದೆ ಫೀಸು ಬರುತ್ತದೆ. ಕಳೆದ ವರ್ಷ ಒಂಬತ್ತನೆಯ ತರಗತಿಗೆ ಐದು ತಿಂಗಳು ಗಣಿತದ ಟೀಚರೇ ಇರಲಿಲ್ಲ, ಅದೇ ಐದು ತಿಂಗಳಲ್ಲಿ ಹೊಸ ಸ್ಟೇಜು ಎದ್ದು ನಿಂತಿತು ಎಂಬ ವಿಷಯ ಬ್ಯಾನರಿನಲ್ಲಿ ಇಲ್ಲ.

ಹೋದ ತಿಂಗಳು ಪೋಷಕರ ಸಭೆಯಲ್ಲಿ ವಿನೋದಾ ಎದ್ದು ನಿಂತು ಕೇಳಿದ್ದಳು. “ಒಂಬತ್ತರಲ್ಲಿ ನಲವತ್ತಾರು ಮಕ್ಕಳು ಇದ್ರು. ಹತ್ತರ ಪರೀಕ್ಷೆ ಪಟ್ಟಿಯಲ್ಲಿ ಮೂವತ್ತೆಂಟು. ಉಳಿದ ಎಂಟು ಮಕ್ಕಳನ್ನು ಎಂತ ಮಾಡಿದ್ರಿ?”

ಕಮಿಟಿ ಮುಂದಿನ ವಿಷಯಕ್ಕೆ ಹೋಯಿತು. ಅದಾದ ಮಾರನೆಯ ವಾರವೇ ಅವಳು ಕಮಿಟಿ ಚುನಾವಣೆಗೆ ನಾಮಪತ್ರ ಹಾಕಿದಳು. ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿರುವ ಹೆಂಗಸಿಗೆ ಇಷ್ಟು ಸೊಕ್ಕೇ ಎಂದು ಕೆಲವರು ಮಾತಾಡಿಕೊಂಡರು. ಸೊಕ್ಕು ಇತ್ತು, ಅದನ್ನು ಅವಳು ಅಲ್ಲಗಳೆಯಲಿಲ್ಲ.

ಈಗ ಈ ಕಾಗದ. ಮಗಳು ಶಾಲೆಯಲ್ಲಿ ಇಲ್ಲದಿದ್ದರೆ ತಾಯಿ ಪೋಷಕಿಯೇ ಅಲ್ಲ. ಪೋಷಕಿ ಅಲ್ಲದಿದ್ದರೆ ನಾಮಪತ್ರವೂ ಇಲ್ಲ.

“ಒಂದೇ ಏಟಿಗೆ ತಾಯಿ, ಮಗಳು ಇಬ್ಬರನ್ನೂ ಗೇಟಿನ ಹೊರಗೆ ಹಾಕಿದ್ದಾರೆ ವಿನೋದಕ್ಕ,” ಎಂದಳು ಪಕ್ಕದಲ್ಲಿದ್ದ ಪ್ರಣೀತಾ. ನಾಮಪತ್ರಕ್ಕೆ ಸೂಚಕಳಾಗಿ ಸಹಿ ಹಾಕಿದವಳು ಇವಳೇ. ಅವಳ ಮಗ ಅಕ್ಷಿತ್ ನಿಶ್ಮಿತಾಳ ಕ್ಲಾಸಿನವನು. ಎರಡು ವಾರದಿಂದ ಇಬ್ಬರೂ ಮನೆಮನೆ ಹತ್ತಿ ಇಳಿದು ಓಟು ಕೇಳಿದ್ದರು.

ರೋಸಲಿಂಡ್ ಬಾಯಿ ಕನ್ನಡಕ ಮೂಗಿಗೆ ಇಳಿಸಿಕೊಂಡು ಕಾಗದದ ಮೇಲೆ ಬಾಗಿದರು. ಮಸ್ಕತ್ತಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಸುಳ್ಳು ಕ್ಲೇಮುಗಳನ್ನು ಹಿಡಿಯುವುದೇ ಅವರ ಕೆಲಸವಾಗಿತ್ತು. ಈಗ ನಿವೃತ್ತರು. ಮಗ ಅವಿಲ್‌ನ ವೀಸಾದಲ್ಲಿ ಅಲ್ಲಿಯೇ ದಾರ್ಸೈಟಿನ ಫ್ಲಾಟಿನಲ್ಲಿ ಇರುವವರು. ಅವಿಲ್ ಮ್ಯಾನೇಜರಾಗಿರುವ ಕಟ್ಟಡ ಕಂಪನಿಯಲ್ಲಿಯೇ ವಿನೋದಾಳ ಗಂಡ ವ್ಯಾನ್ ಡ್ರೈವರು. ಆ ಗುರುತಿನಲ್ಲಿ ವಿನೋದಾ ಅವರ ಬಾಗಿಲು ತಟ್ಟಿದ್ದಳು.

“ಉಳಿದ ಎಂಟು ಕಾಗದ ನೋಡು,” ಎಂದು ಬಾಯಿ ಫೈಲಿನ ಹಿಂದಿನ ಪುಟಗಳನ್ನು ಪೆನ್ನಿನ ತುದಿಯಿಂದ ಮಗುಚಿದರು. “ಎಲ್ಲ ಒಂದೇ ಮಾದರಿ. ಒಂದೇ ಕಂಪ್ಯೂಟರು. ‘ಸ್ವಂತ ಇಚ್ಛೆಯಿಂದ’ ಅಂತ ಎಂಟು ಜನರಿಗೂ ಒಂದೇ ಇಚ್ಛೆ. ನಿಮ್ಮ ಮಗ ಪಾಸಾಗುದಿಲ್ಲ, ಊರಿಗೆ ಕಳಿಸಿ ಅಂತ ಹೆದರಿಸಿ ಸಹಿ ತಗೊಂಡದ್ದು ಅದು. ಆದ್ರೆ ಹೆಸರು ನೋಡು. ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನ, ಎಲ್ಲ ಪೂರ್ತಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ.”

“ಹೌದು.”

“ಈಗ ನಿಂದು ಓದು.”

ವಿನೋದಾ ಓದಿದಳು. ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದ. ಕೊಗ್ಗ. ಸಹಿಯೂ ಅದೇ, ಸ್ವಲ್ಪ ವಾರೆಯಾಗಿ.

ಅವಳಿಗೆ ನಗು ಬಂತು, ಸಿಟ್ಟಿನ ನಗು. ಆಕೆಯ ಗಂಡ ಸದಾಶಿವ ಅಂಚನ್. ಹುಟ್ಟಿದಾಗ ಅಜ್ಜಿ ‘ಕೊಗ್ಗ’ ಎಂದು ಕರೆದದ್ದು ಅಂಟಿಕೊಂಡು ವಿಮಾನ ಹತ್ತಿ ಒಮಾನಿಗೂ ಬಂದಿತ್ತು. ತುಳು ಕೂಟದಲ್ಲಿ ಕೊಗ್ಗ, ವಾಲಿಬಾಲ್ ಟೀಮಿನಲ್ಲಿ ಕೊಗ್ಗ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಬಡಿಸುವಾಗಲೂ ಕೊಗ್ಗ. ಸದಾಶಿವ ಎಂದು ಕೂಗಿದರೆ ಸ್ವತಃ ಅವನೇ ತಿರುಗಿ ನೋಡುವುದು ಅನುಮಾನ.

“ಇವರು ಎಲ್ಲಿಯೂ ಹೀಗೆ ಸಹಿ ಹಾಕುದಿಲ್ಲ ಬಾಯಿ. ಎಸ್ ಅಂಚನ್ ಅಂತಲೇ ಹಾಕುದು.”

“ಅದೇ ನಾನು ಹೇಳುದು. ಆಫೀಸಿನವರು ಕಳ್ಳ ಸಹಿ ಹಾಕಿದ್ರೆ ರಿಜಿಸ್ಟರ್ ನೋಡಿ ಸದಾಶಿವ ಅಂಚನ್ ಅಂತ ಹಾಕ್ತಿದ್ರು. ಇದು ರಿಜಿಸ್ಟರ್ ನೋಡದೆ ಹಾಕಿದ ಸಹಿ. ನಿನ್ನ ಗಂಡನ ಹೆಸರು ಕೊಗ್ಗ ಅಂತ ಮಾತ್ರ ಗೊತ್ತಿರುವವರದ್ದು. ಅಂದ್ರೆ ನಮ್ಮ ಊರಿನವರೇ.”

ಆ ದೊಡ್ಡ ಅಕ್ಷರಗಳಲ್ಲಿ ಎರಡನೆಯ ‘ಜಿ’ಯ ಬಾಲ ಸ್ವಲ್ಪ ಉದ್ದವಾಗಿತ್ತು. ಮಗಳ ಪುಸ್ತಕಗಳ ಲೇಬಲ್ಲಿನಲ್ಲಿ ಅಂಥ ‘ಜಿ’ಯನ್ನು ಎಲ್ಲೋ ನೋಡಿದ ಹಾಗಾಯಿತು ವಿನೋದಾಳಿಗೆ. ಅದನ್ನು ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಗಂಟೆ ಹನ್ನೊಂದೂವರೆ ದಾಟಿತ್ತು.

ಅವಳು ಎರಡು ಗಂಟೆಯ ದಾರಿಯಾಚೆಯ ನಿಜ್ವಾಕ್ಕೆ ಫೋನು ಹಚ್ಚಿದಳು. ಕೊಗ್ಗ ಅಲ್ಲಿ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುತ್ತಿದ್ದ, ಶುಕ್ರವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೋದ ಶುಕ್ರವಾರ ಬಂದಿರಲಿಲ್ಲ. ವಿನೋದಾ ಎಲ್ಲ ಹೇಳಿದಳು. ಆ ಕಡೆ ಎಸಿ ಇಲ್ಲದ ವ್ಯಾನಿನ ಎಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು.

“ಕೇಳಿಸ್ತಾ?”

“ಬರ್ಪೆ,” ಬರುತ್ತೇನೆ ಎಂದು ತುಳುವಿನಲ್ಲಿ ಒಂದೇ ಮಾತು ಹೇಳಿ ಇಟ್ಟುಬಿಟ್ಟ.

* * *

ಕಮಿಟಿ ರೂಮಿನಲ್ಲಿ ಅಧ್ಯಕ್ಷ ಆಸ್ವಾಲ್ಡ್ ಕುಟಿನ್ಹೊ ಟೈ ಕಟ್ಟಿಕೊಂಡು ಕುಳಿತಿದ್ದರು. ಬೇಸಿಗೆಯಲ್ಲೂ ಅವರು ಟೈ ಬಿಚ್ಚಿದ್ದನ್ನು ಬರ್ಕಾದಲ್ಲಿ ಯಾರೂ ನೋಡಿಲ್ಲ. ರೋಸಲಿಂಡ್ ಬಾಯಿಯನ್ನು ಕಂಡು ಕೊಂಕಣಿಯಲ್ಲಿ ಮಾತು ತೆಗೆದರು. ಬಾಯಿ ಕನ್ನಡದಲ್ಲಿ ಉತ್ತರ ಕೊಟ್ಟರು, ವಿನೋದಾಳಿಗೆ ಪ್ರತಿ ಮಾತೂ ತಿಳಿಯಲಿ ಎಂದು.

“ನಾನು ಪೋಷಕಿ ಅಲ್ಲ ಆಸ್ವಾಲ್ಡ್. ಇವಳ ಜೊತೆ ಬಂದದ್ದು. ನೀವು ಮಾತಾಡಿ.”

“ಮಾತಾಡ್ಲಿಕ್ಕೆ ಎಂತ ಉಂಟು?” ಆಸ್ವಾಲ್ಡ್ ಶಬ್ನಂಳಿಂದ ಫೈಲು ತರಿಸಿಕೊಂಡು ವಿನೋದಾಳ ಕಡೆ ತಿರುಗಿದರು. “ಲೆಟರ್ ಬಂತು, ನಾನು ಪ್ರೊಸೆಸ್ ಮಾಡಿದೆ. ನೋಡಿ, ಹುಡುಗಿ ಮ್ಯಾತ್ಸಿನಲ್ಲಿ ವೀಕ್. ಒಂದು ಮಗು ಫೇಲಾದ್ರೆ ನೂರು ಅಂತ ಹಾಕ್ಲಿಕ್ಕೆ ಆಗುದಿಲ್ಲ. ತೊಂಬತ್ತೇಳು ಅಂತ ಹಾಕಿದ್ರೆ ಪಕ್ಕದ ಶಾಲೆಗೆ ಹೋಗ್ತಾರೆ ಜನ. ಅಡ್ಮಿಷನ್ ಇಳಿದ್ರೆ ಟೀಚರ್‌ಗಳಿಗೆ ಸಂಬಳ ಎಲ್ಲಿಂದ ಕೊಡುದು? ಇದು ನಿಮ್ಮ ಮಗಳೊಬ್ಬಳ ವಿಷಯ ಅಲ್ಲ.”

“ಮ್ಯಾತ್ಸಿನಲ್ಲಿ ವೀಕ್ ಆಗ್ಲಿಕ್ಕೆ ಮ್ಯಾತ್ಸ್ ಕಲಿಸಿದ್ದು ಯಾರು ಸರ್?” ವಿನೋದಾ ಕೂರಲಿಲ್ಲ. “ಐದು ತಿಂಗಳು ಟೀಚರ್ ಇಲ್ಲ. ಆ ಐದು ತಿಂಗಳ ಫೀಸು ನಾನು ಕಟ್ಟಿದ್ದೇನೆ. ನನ್ನ ಮಗಳು ಫೇಲಾದ್ರೆ ಫೇಲಾಗ್ಲಿ. ಪರೀಕ್ಷೆ ಬರೆದು ಫೇಲಾಗ್ಲಿ. ಬರೆಯುವ ಮೊದಲೇ ಫೇಲ್ ಮಾಡ್ಲಿಕ್ಕೆ ನೀವು ಯಾರು?”

ಪ್ರಣೀತಾ ಅವಳ ಸೆರಗು ಮೆಲ್ಲಗೆ ಎಳೆದಳು. ವಿನೋದಾ ಲೆಕ್ಕಿಸಲಿಲ್ಲ. ಇಷ್ಟು ವರ್ಷ ಕ್ಲಿನಿಕ್ಕಿನಲ್ಲಿ ಕಂಡಕಂಡವರಿಗೆಲ್ಲ ನಗುಮುಖ ತೋರಿಸಿ ಅವಳ ದವಡೆ ನೋಯುತ್ತಿತ್ತು, ಇವತ್ತು ನಗದೆ ಮಾತಾಡುವುದು ಅವಳಿಗೆ ಹಿತವಾಗಿಯೇ ಇತ್ತು.

“ನಿಮಗೆ ಸಿಟ್ಟು ಬಂದ್ರೆ ನಾನು ಎಂತ ಮಾಡ್ಲಿಕ್ಕೆ ಆಗ್ತದೆ,” ಎಂದರು ಆಸ್ವಾಲ್ಡ್. “ಕೊಗ್ಗನೇ ಬರೆದುಕೊಟ್ಟ ಮೇಲೆ.”

ರೋಸಲಿಂಡ್ ಬಾಯಿ ತಲೆ ಎತ್ತಿದರು. “ಯಾರು ಬರೆದುಕೊಟ್ಟ ಮೇಲೆ?”

“ಕೊಗ್ಗ. ಇವರ ಯಜಮಾನ್ರು.”

“ರಿಜಿಸ್ಟರ್ ತೆಗೀರಿ. ನಿಶ್ಮಿತಾಳ ತಂದೆಯ ಹೆಸರು ಓದಿ ಹೇಳಿ.”

ಆಸ್ವಾಲ್ಡ್ ಅಸಡ್ಡೆಯಿಂದಲೇ ಲ್ಯಾಪ್‌ಟಾಪ್ ತಿರುಗಿಸಿಕೊಂಡರು. ಹುಡುಕಿದರು, ಓದಿದರು, ಮತ್ತೊಮ್ಮೆ ಓದಿದರು. ಅವರ ಕೈ ತಾನಾಗಿ ಟೈಯ ಗಂಟಿಗೆ ಹೋಯಿತು.

“ಸದಾಶಿವ ಅಂಚನ್,” ಎಂದರು.

“ಇಲ್ಲಿ ಸಹಿ ಯಾರದ್ದು?”

ಆಸ್ವಾಲ್ಡ್ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಹೆಸರೇ ಬೇರೆ ಇರುವ ಕಾಗದಕ್ಕೆ ನೀವು ಠಸ್ಸೆ ಹೊಡೆದ್ರಿ,” ಎಂದರು ಬಾಯಿ. “ನೋಡದೆ ಹೊಡೆದ್ರಾ, ಗೊತ್ತಿದ್ದೇ ಹೊಡೆದ್ರಾ, ಅದನ್ನು ಮಾತ್ರ ಹೇಳಿ.”

“ನೋಡಿದೆ ಬಾಯಿ. ದೇವರಾಣೆ ನೋಡಿದೆ.” ಆಸ್ವಾಲ್ಡರ ಧ್ವನಿ ಇಳಿದಿತ್ತು. “ಇಡೀ ಮಸ್ಕತ್ತಿಗೆ ಅವ ಕೊಗ್ಗ. ನನ್ನ ಫೋನಿನಲ್ಲೂ ಕೊಗ್ಗ ಅಂತಲೇ ಉಂಟು. ಕೊಗ್ಗ ಅಂತ ಬರೆದದ್ದು ತಪ್ಪು ಅಂತ ನನ್ನ ತಲೆಗೇ ಹೋಗಲಿಲ್ಲ. ನಿನ್ನೆ ಬೆಳಿಗ್ಗೆ ಟ್ರೇಯಲ್ಲಿ ಇತ್ತು, ಹೊಡೆದೆ.”

ಆ ಮನುಷ್ಯ ನಟಿಸುತ್ತಿಲ್ಲ ಎಂದು ವಿನೋದಾಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಹಾಗಾದ್ರೆ ಈಗಲೇ ಹೆಸರು ಸೇರಿಸಿ.”

“ಹೆಸರು ತಪ್ಪಿರಬಹುದು, ಸಹಿ ಅವನದ್ದೇ ಇರಬಹುದು. ಅವ ಬಂದು ನನ್ನೆದುರು ಹೇಳ್ಲಿ. ಎರಡು ಗಂಟೆಯ ಒಳಗೆ ಹೇಳಿದ್ರೆ ಸೇರಿಸ್ತೇನೆ.”

“ಬರ್ತಾ ಇದ್ದಾರೆ,” ಎಂದಳು ವಿನೋದಾ. ಪಕ್ಕದಲ್ಲಿ ಪ್ರಣೀತಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು.

ಕಾಯುವುದು ಶುರುವಾಯಿತು. ಕಿಟಕಿಯಿಂದ ಹೊಸ ಸ್ಟೇಜು ಕಾಣುತ್ತಿತ್ತು. ಅದನ್ನು ಕಟ್ಟಿದ್ದು ಕೊಗ್ಗ ಕೆಲಸ ಮಾಡುವ ಕಂಪನಿಯೇ. ಟೈಲ್ಸು ಇಳಿಸಿದ ದಿನ ಅವನು ಮನೆಗೆ ಬಂದು, ನಿಶ್ಮಿತಾಳ ಡ್ಯಾನ್ಸಿಗೆ ಒಳ್ಳೇ ಜಾಗ ಆಯಿತು ಎಂದು ಸಂತೋಷಪಟ್ಟಿದ್ದ. ಈಗ ಅದರ ಮೇಲೆ ಯಾರೂ ಇರಲಿಲ್ಲ. ಒಂದು ಗಂಟೆಗೆ ಶಬ್ನಂ ಬಂದು ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟಳು. ಮೂವತ್ತೇಳು ಹೆಸರು.

ಒಂದು ನಲವತ್ತೊಂದಕ್ಕೆ ಹೊರಗೆ ವ್ಯಾನು ನಿಂತ ಸದ್ದಾಯಿತು.

* * *

ಕೊಗ್ಗ ಒಳಗೆ ಬಂದ. ಕಂಪನಿಯ ಬೂದು ಅಂಗಿ ಬೆನ್ನಿಗೆ ಅಂಟಿತ್ತು. ಯಾರಿಗೂ ನಮಸ್ಕಾರ ಹೇಳಲಿಲ್ಲ.

“ಕೂತ್ಕೊಳ್ಳಿ ಕೊಗ್ಗಣ್ಣ,” ಎಂದಳು ಪ್ರಣೀತಾ ಕುರ್ಚಿ ಸರಿಸಿ. ಅವನು ನಿಂತೇ ಇದ್ದ. ಅವಳ ಕಡೆ ನೋಡಲೂ ಇಲ್ಲ.

ಆಸ್ವಾಲ್ಡ್ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. “ಇದು ನಿನ್ನ ಸಹಿಯಾ ಕೊಗ್ಗ? ಹೌದು, ಅಲ್ಲ, ಅಷ್ಟೇ ಹೇಳು.”

“ಅಲ್ಲ ಅಂತ ಹೇಳಿ,” ಎಂದಳು ವಿನೋದಾ. “ಹೇಳಿ ನಿಶ್ಮಿತಾನ ಪಪ್ಪ, ಟೈಮಿಲ್ಲ.”

ಕೊಗ್ಗ ಹೆಂಡತಿಯ ಮುಖ ನೋಡಿದ.

“ನಂದೇ. ನಾನೇ ಹಾಕಿದ್ದು.”

ಉದ್ದ ಬಾಲದ ಆ ‘ಜಿ’ ಈಗ ವಿನೋದಾಳ ಕಣ್ಣ ಮುಂದೆ ಬಂತು. ನಿಶ್ಮಿತಾಳ ಭೂಗೋಳದ ಪುಸ್ತಕದ ಲೇಬಲ್ಲು, ಊಟದ ಮೇಜಿನ ಮುಂದೆ ಕುಳಿತು ಅವನೇ ಬರೆದದ್ದು. ಅವಳು ಕುಳಿತಳು. ಪ್ರಣೀತಾ ಅವಳ ಕೈ ಹಿಡಿದುಕೊಂಡಳು.

“ಹಾಗಾದ್ರೆ ಮುಗೀತಲ್ಲ,” ಎಂದು ಆಸ್ವಾಲ್ಡ್ ಲ್ಯಾಪ್‌ಟಾಪಿಗೆ ಕೈ ಹಾಕಿದರು.

“ಮುಗೀಲಿಲ್ಲ ಸರ್.” ಕೊಗ್ಗ ಜೇಬಿನಿಂದ ಬತಾಕ ತೆಗೆದು ಮೇಜಿನ ಮೇಲೆ ಇಟ್ಟ. ಒಮಾನಿನಲ್ಲಿ ಇರುವ ಪರದೇಶಿಗೆ ಆ ಗುರುತಿನ ಕಾರ್ಡೇ ಮೈಮೇಲಿನ ಹೆಸರು. “ಇದನ್ನು ಓದಿ. ಸದಾಶಿವ ಅಂಚನ್. ಕೊಗ್ಗ ಅಂತ ಒಬ್ಬ ಮನುಷ್ಯ ಈ ದೇಶದಲ್ಲೇ ಇಲ್ಲ. ಬತಾಕದಲ್ಲಿ ಇಲ್ಲ, ಪಾಸ್‌ಪೋರ್ಟಲ್ಲಿ ಇಲ್ಲ, ನಿಮ್ಮ ರಿಜಿಸ್ಟರಲ್ಲೂ ಇಲ್ಲ. ಸಹಿ ಹಾಕದಿದ್ರೆ ಕೆಲಸ ಹೋಗ್ತದೆ ಅಂದ್ರು. ಹಾಕಿದೆ. ನಡೆಯದ ಹೆಸರು ಹಾಕಿದೆ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?” ಎಂದಳು ವಿನೋದಾ.

“ಹೇಳಿದ್ರೆ ನೀನು ಸುಮ್ಮನೆ ಕೂರ್ತಿದ್ಯಾ? ಆಫೀಸಿನವರು ನೋಡಿದ ಕೂಡ್ಲೆ ಬಿಸಾಡ್ತಾರೆ ಅಂತ ಎಣಿಸಿದೆ. ಕೇರಳದವರೋ ದೆಹಲಿಯವರೋ ನೋಡಿದ್ರೆ ಯಾರಿದು ಕೊಗ್ಗ ಅಂತ ಕೇಳ್ತಿದ್ರು. ನೋಡಿದ್ದು ನಮ್ಮವರೇ ಆಗಿಬಿಟ್ಟಿತು.” ಅವನು ಆಸ್ವಾಲ್ಡರ ಕಡೆ ನೋಡಿದ. “ಅದೊಂದು ನನ್ನ ತಲೆಗೆ ಹೋಗಲಿಲ್ಲ.”

ಆಸ್ವಾಲ್ಡರ ಮುಖ ಕೆಂಪಾಯಿತು. ಅವರು ಬತಾಕವನ್ನು ನೋಡಿದರು, ಕಾಗದವನ್ನು ನೋಡಿದರು. ಗಂಟೆ ಒಂದು ಐವತ್ತೊಂದು.

“ಸೇರಿಸ್ತೀರಾ, ಇಲ್ಲ ಈ ಕಾಗದವನ್ನು ನಾನು ಎಂಬೆಸಿಗೆ ತಗೊಂಡು ಹೋಗ್ಲಾ?” ಎಂದರು ರೋಸಲಿಂಡ್ ಬಾಯಿ.

“ಶಬ್ನಂ,” ಎಂದರು ಆಸ್ವಾಲ್ಡ್, ಯಾರ ಮುಖವನ್ನೂ ನೋಡದೆ. “ಆ್ಯಡ್ ಕರೋ.”

ಶಬ್ನಂ ಆಗಲೇ ಟೈಪು ಮಾಡಿ ಮುಗಿಸಿದ್ದಳು. ಗುಂಡಿ ಒತ್ತಿದಳು. ಪಟ್ಟಿ ಹೋಯಿತು. ಮೂವತ್ತೆಂಟು ಹೆಸರು, ಅದರಲ್ಲಿ ನಿಶ್ಮಿತಾ ಅಂಚನ್.

ವಿನೋದಾ ಅಳಲಿಲ್ಲ. “ಉಳಿದ ಎಂಟು ಮಕ್ಕಳ ಕಾಗದ ನನಗೆ ಬೇಕು ಸರ್,” ಎಂದಳು. “ಚುನಾವಣೆಗೆ ಮೊದಲು ಕೊಟ್ಟರೆ ನಿಮಗೆ ಮರ್ಯಾದೆ. ಆಮೇಲೆ ಆದ್ರೆ ನಾನೇ ಬಂದು ತಗೊಳ್ತೇನೆ.”

“ಅದು ಇರ್ಲಿ,” ಎಂದರು ರೋಸಲಿಂಡ್ ಬಾಯಿ. “ಕೊಗ್ಗ, ಇದನ್ನು ನಿನ್ನ ಹತ್ತಿರ ತಂದದ್ದು ಯಾರು?”

ಕೊಗ್ಗ ರೋಸಲಿಂಡ್ ಬಾಯಿಗೆ ಉತ್ತರ ಕೊಡದೆ ಹೆಂಡತಿಗೆ ಹೇಳಿದ. “ನಿನ್ನ ನಾಮಪತ್ರದಲ್ಲಿ ಸೂಚಕರ ಸಹಿ ಉಂಟಲ್ಲ, ಅದು ಯಾರದ್ದು ನೋಡು.”

ವಿನೋದಾಳಿಗೆ ನೋಡಬೇಕಾದ್ದೇನೂ ಇರಲಿಲ್ಲ. ಆ ಸಹಿ ಹಾಕಿದ ಕೈ ಅವಳ ಕೈಯೊಳಗೇ ಇತ್ತು. ಅದು ಬೆವರಿತ್ತು, ಮೆಲ್ಲಗೆ ಜಾರಿಕೊಳ್ಳಲು ನೋಡುತ್ತಿತ್ತು. ವಿನೋದಾ ಬಿಡಲಿಲ್ಲ.

“ಒಂಬತ್ತನೇ ಕಾಗದ ಅಕ್ಷಿತ್‌ದು ಆಗ್ಬೇಕಿತ್ತು ವಿನೋದಕ್ಕ,” ಎಂದಳು ಪ್ರಣೀತಾ ತಗ್ಗಿದ ದನಿಯಲ್ಲಿ. “ನನ್ನ ಮಗನದ್ದು. ಅವನ ಹೆಸರು ಉಳೀಬೇಕಾದ್ರೆ ನಿಶ್ಮಿತಾಳದ್ದು ತೆಗಿಸಿ ಕೊಡು ಅಂದ್ರು. ಶುಕ್ರವಾರ ನಿಜ್ವಾಕ್ಕೆ ಹೋದೆ. ನಾನು ಎಂತ ಮಾಡ್ಲಿ ಹೇಳು.”

ಎರಡು ವಾರ ಒಟ್ಟಿಗೆ ಹತ್ತಿದ ಮೆಟ್ಟಿಲುಗಳೆಲ್ಲ ವಿನೋದಾಳ ಎದೆಯಲ್ಲಿ ಒಮ್ಮೆಲೇ ಭಾರವಾದವು. ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ. ಗೋಡೆಯ ಗಡಿಯಾರ ತೋರಿಸಿದಳು.

“ಪಟ್ಟಿ ಹೋಯಿತು ಪ್ರಣೀತಾ. ಅಕ್ಷಿತ್‌ನ ಹೆಸರೂ ಅದರಲ್ಲಿ ಉಂಟು. ಇನ್ನು ನಿನ್ನನ್ನು ಹೆದರಿಸ್ಲಿಕ್ಕೆ ಅವರ ಹತ್ತಿರ ಎಂತದೂ ಇಲ್ಲ. ಹೇಳು, ಅಂದದ್ದು ಯಾರು?”

ಆಸ್ವಾಲ್ಡ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರಿಗೂ ಗೊತ್ತಿಲ್ಲದ್ದು ಇಲ್ಲಿ ಏನೋ ಇತ್ತು.

ಪ್ರಣೀತಾ ತಲೆ ಎತ್ತಿದಳು. ಅವಳು ನೋಡಿದ್ದು ಆಸ್ವಾಲ್ಡರನ್ನಲ್ಲ, ರೋಸಲಿಂಡ್ ಬಾಯಿಯನ್ನು.

“ನಿಮ್ಮ ಅವಿಲ್,” ಎಂದಳು. “ವಿನೋದಕ್ಕ ಕಮಿಟಿಗೆ ಬಂದ್ರೆ ಸ್ಟೇಜಿನ ಲೆಕ್ಕದ ಫೈಲು ತೆಗೀತಾರೆ, ಬರಬಾರದು ಅಂದ್ರು. ಪಟ್ಟಿಯಲ್ಲಿ ಯಾರು ಇರ್ಬೇಕು ಅಂತ ಕಮಿಟಿ ತನ್ನ ಮಾತು ಕೇಳ್ತದೆ ಅಂದ್ರು.”

ಕೊಗ್ಗ ಕಣ್ಣು ಕೆಳಗೆ ಹಾಕಿದ. ಕೆಲಸ ತೆಗೆಯುವ ಬೆದರಿಕೆ ಯಾರದೆಂದು ಅವನಿಗೆ ಮೊದಲೇ ಗೊತ್ತಿತ್ತು. ವಿನೋದಾ ರೋಸಲಿಂಡ್ ಬಾಯಿಯ ಕಡೆ ತಿರುಗಲು ಧೈರ್ಯ ಸಾಲದೆ ಮೇಜನ್ನೇ ನೋಡುತ್ತ ಕುಳಿತಳು.

ರೋಸಲಿಂಡ್ ಬಾಯಿ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟು, ಪೆನ್ನಿನ ಕ್ಯಾಪು ಬಿಚ್ಚಿದರು.

“ಅವಿಲ್ ಅಂದ್ರೆ ಸಾಲದು,” ಎಂದರು. “ಪೂರ್ತಿ ಹೆಸರು ಹೇಳು ಪ್ರಣೀತಾ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ.”